ಭಕ್ತಿ ಫೋಲ್ಡರಿಗೆ ಸೇರಿಕೊಂಡ ಬೀಗರ ಹಾಡು

ನಮ್ಮ ಮನೆಯ ಕಂಪ್ಯೂಟರು ಮೊನ್ನೆ ಒಂದು ಮದುವೆಯನ್ನು ಮುರಿಯುವುದರಲ್ಲಿತ್ತು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಹುಡುಗಿ ನನ್ನ ಅಣ್ಣನ ಮಗಳು ವೈದೇಹಿ. ಹುಡುಗ ಕಂಪ್ಲಿಯವನು, ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ, ಕುರೆಕುಪ್ಪದಲ್ಲಿ ರೂಮು. ಹುಡುಗ ಹುಡುಗಿ ಒಪ್ಪಿದ್ದರು, ಜಾತಕಗಳೂ ಒಪ್ಪಿದ್ದವು. ಹೊಸಪೇಟೆಯಲ್ಲಿ ಅಣ್ಣನ ಮನೆಯಲ್ಲೇ ನಿಶ್ಚಿತಾರ್ಥ. ಇನ್ನೇನು ತಾಂಬೂಲ ಬದಲಾಯಿಸಬೇಕು ಅನ್ನುವಾಗ ಹುಡುಗನ ಅಪ್ಪ ಎದ್ದು ಬಾಗಿಲಾಚೆ ಹೋಗಿ ತಮ್ಮ ಚಪ್ಪಲಿ ಹುಡುಕತೊಡಗಿದರು. ಅವರನ್ನು ಎಬ್ಬಿಸಿದ್ದು ನಾನು ತಿಂಗಳುಗಟ್ಟಲೆ ಕೂತು ಮಾಡಿದ್ದ ಒಂದು ಘನಕಾರ್ಯ.

ಆ ಘನಕಾರ್ಯದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನನಗೆ ಹಾಡು ಕೂಡಿಹಾಕುವ ಚಟ. ಕ್ಯಾಸೆಟ್ಟಿನಲ್ಲಿ ಶುರುವಾದದ್ದು ಈಗ ಎಂಪಿ3ಗೆ ಬಂದು ನಿಂತಿದೆ. ಬಳ್ಳಾರಿ ಫುಟ್‌ಪಾತಿನ ಸಿ.ಡಿ.ಗಳು, ಆಫೀಸಿನ ಗೆಳೆಯರ ಪೆನ್‌ಡ್ರೈವ್‌ಗಳು, ಸೈಬರ್ ಕೆಫೆಯಲ್ಲಿ ಇಳಿಸಿಕೊಂಡದ್ದು, ಎಲ್ಲವೂ ಬಂದು ಹಾರ್ಡ್ ಡಿಸ್ಕಿಗೆ ಬೀಳುತ್ತವೆ. (ಜೊತೆಗೆ ಅದಿರು ಲಾರಿಗಳ ಕೆಂಪು ಧೂಳೂ ಬೀಳುತ್ತದೆ. ಭಾನುವಾರ ಎದ್ದ ಕೂಡಲೇ ನನ್ನ ಮೊದಲ ಪೂಜೆ ಬ್ರಷ್ ಹಿಡಿದು ಸಿ.ಪಿ.ಯು. ಫ್ಯಾನು ಉಜ್ಜುವುದು. ಹೊಸಪೇಟೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಹಾಡುಗಳೇನೋ ಸಾವಿರಾರು. ಬೇಕಾದ ಹಾಡು ಮಾತ್ರ ಬೇಕಾದಾಗ ಸಿಗುವುದಿಲ್ಲ. ಅರ್ಧಕ್ಕರ್ಧ ಫೈಲುಗಳ ಹೆಸರು ಬರೀ 'ಟ್ರ್ಯಾಕ್ ಒಂದು'. ಒಂದು ದಿನ ತಲೆಕೆಟ್ಟು, ಎಲ್ಲವನ್ನೂ ಪ್ರಕಾರವಾರು ಬೇರೆ ಮಾಡಿಯೇ ಸಿದ್ಧ ಎಂದು ಕೂತೆ.

ಕೂತ ಮೇಲೆ ಗೊತ್ತಾಯಿತು. ಕಂಪ್ಯೂಟರು ಪ್ರತಿ ಹಾಡಿಗೂ 'ಜಾನರ್ ಯಾವುದು' ಎಂದು ಕೇಳುತ್ತದೆ. ಅದರ ಪಟ್ಟಿಯಲ್ಲಿ ಬ್ಲೂಸ್ ಇದೆ, ಪೋಲ್ಕಾ ಇದೆ, ಸೋಬಾನೆ ಇಲ್ಲ. ಯಾವನೋ ಪುಣ್ಯಾತ್ಮ ಬೆಳಗಿನ ಸುಪ್ರಭಾತಕ್ಕೆ 'ಈಸಿ ಲಿಸನಿಂಗ್' ಎಂದು ಹಚ್ಚಿಟ್ಟಿದ್ದ. ಸರಿ, ಅದರ ಪಟ್ಟಿ ಅದಕ್ಕೇ ಇರಲಿ ಎಂದು ನನ್ನದೇ ಫೋಲ್ಡರುಗಳನ್ನು ಮಾಡಿದೆ: ಭಕ್ತಿ, ಸಿನಿಮಾ, ಭಾವಗೀತೆ, ಜಾನಪದ, ಶಾಸ್ತ್ರೀಯ, ಇತರೆ.

ಅಲ್ಲಿಗೂ ಮುಗಿಯಲಿಲ್ಲ. ಸಿನಿಮಾದಲ್ಲಿ ಬಂದ ಭಕ್ತಿಗೀತೆ ಎಲ್ಲಿಗೆ? ರಾಗ ಎಳೆದು ಹಾಡಿದ ದಾಸರ ಪದ ಶಾಸ್ತ್ರೀಯವೋ ಭಕ್ತಿಯೋ? ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಹನುಮಂತಪ್ಪನವರು ತಮ್ಮ ಊರು ಮೆಟ್ರಿಯ ಮೊಹರಂ ಪದಗಳನ್ನು ರೆಕಾರ್ಡ್ ಮಾಡಿ ಕೊಟ್ಟಿದ್ದರು. ಹಾಡುವವರಲ್ಲಿ ಹಿಂದೂಗಳೇ ಹೆಚ್ಚು. "ಇದನ್ನ ಭಕ್ತಿಯೊಳಗೆ ಹಾಕಲೋ, ಜಾನಪದದೊಳಗೋ?" ಎಂದು ಅವರನ್ನೇ ಕೇಳಿದೆ. "ಎಲ್ಲ್ಯಾರ ಹಾಕ್ರಿ ಸರ್. ಅದು ಕುಣಿಯಾಕ ಐತಿ, ನೀವು ಕುಂತು ಕೇಳ್ತೀರಿ" ಎಂದು ನಕ್ಕುಬಿಟ್ಟರು.

ಬರಬರುತ್ತಾ ನನಗೆ ಬೇಸರ ಬಂತು, ಬೇಸರದಿಂದ ವೇಗ ಬಂತು. ಮೊದಲ ಸಾಲು ಕೇಳುವುದು, ಫೋಲ್ಡರಿಗೆ ಎಸೆಯುವುದು. ರಂಗ, ಕೃಷ್ಣ, ಲಕ್ಷ್ಮಿ ಅಂತ ಕಿವಿಗೆ ಬಿದ್ದರೆ ಭಕ್ತಿ. "ಪೂರ್ತಿ ಕೇಳಿ ಹಾಕ್ರಿ, ಏನ್ ಅವಸರ?" ಎಂದು ಅಡಿಗೆಮನೆಯಿಂದ ಹೆಂಡತಿ ಹೇಳಿದ್ದಳು. ಹೆಂಡತಿ ಹೇಳಿದ್ದನ್ನು ಆಗಲೇ ಕೇಳಿದ್ದರೆ ನಾನು ಅಂಕಣ ಬರೆಯುವ ಸ್ಥಿತಿಗೆ ಯಾಕೆ ಬರುತ್ತಿದ್ದೆ?

ಹಾಗೆ ನಾನು ಎಸೆದ ಹಾಡುಗಳಲ್ಲಿ ಪದ್ಮತ್ತೆಯವೂ ಇದ್ದವು.

ಪದ್ಮತ್ತೆ ನನ್ನ ಸೋದರತ್ತೆ. ಮನೆ ಚಿತ್ತವಾಡ್ಗಿಯಲ್ಲಿ. ನಮ್ಮ ಬಳಗದ ಯಾವ ಮದುವೆಗೂ ಪುರೋಹಿತರಿಗಿಂತ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು, ಹಾಡಬೇಕಲ್ಲ! ಅರಿಷಿಣಕ್ಕೊಂದು, ಆರತಿಗೊಂದು, ಮದುಮಕ್ಕಳನ್ನು ಆಟವಾಡಿಸುವ ಉರುಟಣೆಗೆ ಹತ್ತು. ಕೆಲವು ವರ್ಷದ ಹಿಂದೆ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಧ್ವನಿ ಕೆಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಗೆ ಸೇರುವ ಮುಂಚೆ ಅವಳು ನಮ್ಮ ಮನೆಗೆ ಬಂದು, ಕಂಪ್ಯೂಟರಿನ ಮೈಕಿನ ಮುಂದೆ ಚಕ್ಕಂಬಕ್ಕಲ ಹಾಕಿ ಕೂತು, ಬರುತ್ತಿದ್ದ ಹಾಡನ್ನೆಲ್ಲ ಒಂದರ ಹಿಂದೊಂದು ಹಾಡಿ ಎದ್ದು ಹೋದಳು. ಡಾಕ್ಟರು ಹೇಳಿದಂತೆಯೇ ಆಯಿತು. ಈಗ ಮಾತಾಡಿದರೆ ಗೊಗ್ಗರು ಪಿಸುಮಾತು ಬರುತ್ತದೆ. ಆಮೇಲೆ ಯಾವ ಮದುವೆಯಲ್ಲೂ ಅವಳು ಬಾಯಿ ತೆರೆದದ್ದನ್ನು ನಾನು ಕಾಣೆ.

ಇನ್ನು ನಿಶ್ಚಿತಾರ್ಥಕ್ಕೆ ಬರೋಣ.

ಅಣ್ಣ ಪ್ರಹ್ಲಾದನಿಗೆ ಸಂಡೂರಿನ ಕಡೆ ಅದಿರು ಸಾಗಿಸುವ ಕಂಟ್ರಾಕ್ಟು. ಮೊದಲು ಹಳೇ ಮೊಪೆಡ್ಡಿನಲ್ಲಿ ಓಡಾಡುತ್ತಿದ್ದವನ ಮನೆಯಲ್ಲಿ ಈಗ ಗ್ರಾನೈಟ್ ನೆಲ, ಗೋಡೆಯಷ್ಟು ಟೀವಿ, ಎದೆ ಗುದ್ದುವ ಹೋಮ್ ಥಿಯೇಟರ್. ಬೀಗರು ಕಂಪ್ಲಿಯ ಸಣ್ಣ ಗುಡಿಯೊಂದರ ಅರ್ಚಕರು, ಗುರಾಚಾರ್ರು. ಅಣ್ಣ ಕಾರು ಕಳಿಸುತ್ತೇನೆ ಎಂದಿದ್ದ. "ಬ್ಯಾಡ್ರಿ, ಬಸ್ಸು ಮಸ್ತ್ ಅವ" ಎಂದು ಅವರು ಬಸ್ಸಿನಲ್ಲೇ ಬಂದಿಳಿದರು. ಅವರ ಹೆಂಡತಿ ಜಾನಕೀಬಾಯಿ ಗ್ರಾನೈಟ್ ನೆಲದ ಮೇಲೆ ಜಾರಿಬಿಡುತ್ತೇನೋ ಎಂಬಂತೆ ಹೆಜ್ಜೆ ಇಡುತ್ತಾ ಬಂದು, ಮಾತಿಲ್ಲದೆ ಕೂತರು. ಅವರ ಮುಂದೆ ಅತ್ತಿಗೆ ಹೊಸ ಬೆಳ್ಳಿ ತಟ್ಟೆಗಳನ್ನು ಸಾಲಾಗಿ ಜೋಡಿಸಿದಳು.

"ಲೇ, ನಿನ್ನ ಭಕ್ತಿ ಫೋಲ್ಡರ್ ಹಚ್ಚಿಬಿಡು. ಸಣ್ಣಗೆ ಕೇಳ್ತಿರಲಿ" ಎಂದ ಅಣ್ಣ. ನಾನು ಸಿ.ಡಿ.ಗೆ ಬರೆದುಕೊಂಡೇ ಹೋಗಿದ್ದೆ. ಎರಡು ದಾಸರ ಪದ ಮುಗಿದವು. ಮೂರನೆಯದಾಗಿ ಪದ್ಮತ್ತೆಯ ಹಳೆಯ, ಗಟ್ಟಿಯಾದ, ಗಂಟೆಯಂಥ ಧ್ವನಿ ಮನೆ ತುಂಬಿತು. 'ಶ್ರೀರಂಗ ಬಾರಯ್ಯ ಹಸೆಮಣೆಗೆ...' ಎಲ್ಲರೂ ತಲೆದೂಗಿದರು. ಅಣ್ಣ ಖುಷಿಯಾಗಿ ವಾಲ್ಯೂಮ್ ಏರಿಸಿದ.

ಆಮೇಲಿನ ಸಾಲುಗಳು ಬಂದವು.

'ಹಾಲುಗಡಲಿನ ಬೀಗರಂತೆ ರಂಗಯ್ಯ, ಅವರ ಮನೆಯಾಗ ಮಜ್ಜಿಗಿಗೂ ಬರ ರಂಗಯ್ಯ. ಬೆಳ್ಳಿ ತಟ್ಟಿ ಕಂಡಾಳ ಬೀಗಿತ್ತಿ, ಸೆರಗಿನಾಗ ಮುಚ್ಚಾಳ ಬೀಗಿತ್ತಿ.'

ಅದು ಬೀಗರ ಹಾಡು! ಲಕ್ಷ್ಮಿಯ ತವರಿನವರನ್ನು ನೆಪ ಮಾಡಿಕೊಂಡು ಎದುರಿಗೆ ಕೂತ ಬೀಗರನ್ನು ಹಂಗಿಸುವ ಹಾಡು. ನಮ್ಮಲ್ಲಿ ಮದುವೆಯೆಲ್ಲ ಮುಗಿದು, ಉರುಟಣೆಯ ಹೊತ್ತಿಗೆ, ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಇಂಥವನ್ನು ಹಾಡುತ್ತಾರೆ. ಈ ಕಡೆಯವರು ಬೈದರೆ ಆ ಕಡೆಯವರು ತಿರುಗಿ ಹಾಡಲೇಬೇಕು, ಸುಮ್ಮನಾದವರು ಸೋತ ಹಾಗೆ. ತಾಳಿ ಬಿದ್ದ ಮೇಲೆ ಅದು ಸಲಿಗೆ. ತಾಂಬೂಲವೇ ಬದಲಾಗದ ಮನೆಯಲ್ಲಿ, ಬಸ್ಸಿನಲ್ಲಿ ಬಂದ ಅರ್ಚಕರ ಹೆಂಡತಿಯ ಮುಂದೆ ಬೆಳ್ಳಿ ತಟ್ಟೆ ಇಟ್ಟು, ಹೋಮ್ ಥಿಯೇಟರಿನಲ್ಲಿ ಅದನ್ನು ಹಚ್ಚಿದರೆ?

ನಾನು ರಿಮೋಟಿಗೆ ಹುಡುಕಾಡುವಷ್ಟರಲ್ಲಿ ಜಾನಕೀಬಾಯಿ ತಮ್ಮ ಮುಂದಿದ್ದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. ಗುರಾಚಾರ್ರು ಎದ್ದರು. "ಮಜ್ಜಿಗಿಗೆ ಬರ ಇರೋದು ಖರೇ. ಹಿಂಗ ಮೈಕ್ ಹಚ್ಚಿ ಹೇಳಬೇಕಾಗಿರಲಿಲ್ಲ" ಎಂದಷ್ಟೇ ಹೇಳಿ ಹೊರಗೆ ನಡೆದರು. ಅಣ್ಣ "ಆಚಾರ್ರೆ, ಆಚಾರ್ರೆ" ಎನ್ನುತ್ತಾ ಹಿಂದೆ ಓಡಿದ. ಹುಡುಗ ತಲೆ ತಗ್ಗಿಸಿ ಕೂತಿದ್ದ. ಕೋಣೆಯ ಬಾಗಿಲಲ್ಲಿ ನಿಂತಿದ್ದ ವೈದೇಹಿಯ ಮುಖ ಬಿಳಿಚಿತ್ತು. ಆ ಮುಖ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಹೆಂಗಸರ ನಡುವೆ ಕೂತಿದ್ದ ಪದ್ಮತ್ತೆ ಎದ್ದಳು. ನೆಟ್ಟಗೆ ಹೋಗಿ ಜಾನಕೀಬಾಯಿಯವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ತಪ್ಪಾಗೇದ, ಹೊತ್ತಿಗೆ ಮೊದಲ ಬೈದಾಗೇದ" ಎಂದಳು, ತನ್ನ ಗೊಗ್ಗರು ಧ್ವನಿಯಲ್ಲಿ. "ಈಗ ನೀವು ಎದ್ದು ಹೋದ್ರ ಅದು ಬೈಗಳಾಗೇ ಉಳೀತದ. ತಿರುಗಿ ಹಾಡಿದ್ರ ಹಾಡಾಗ್ತದ. ಉತ್ತರ ಕೊಡ್ರಿ."

ಜಾನಕೀಬಾಯಿ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದರು. "ಯಾರಿಗೆ ಉತ್ತರ ಕೊಡ್ಲಿ? ಹಾಡಿದವರು ಯಾರೂ ಇಲ್ಲಿ ಕಾಣವಲ್ರು. ಆ ಡಬ್ಬಿಗೆ ಕೊಡ್ಲೇನು?"

ಪದ್ಮತ್ತೆ ಸೆರಗು ಬಿಗಿದುಕೊಂಡು, ಅದೇ ಸಾಲನ್ನು ಹಾಡತೊಡಗಿದಳು. ಹಾಡು ಅನ್ನುವುದು ಹೇಗೆ? ಅರ್ಧ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡವು. 'ರಂಗಯ್ಯ' ಎಂದು ಏರಿಸಬೇಕಾದ ಕಡೆ ಬರೀ ಗಾಳಿ ಬಂತು. ಸುತ್ತಲಿನವರು ನೆಲ ನೋಡತೊಡಗಿದರು. ಅವಳು ನಿಲ್ಲಿಸಲಿಲ್ಲ. ಬೀಗಿತ್ತಿಯ ಕಣ್ಣಲ್ಲಿ ಕಣ್ಣಿಟ್ಟು ಬೆಳ್ಳಿ ತಟ್ಟೆಯ ಸಾಲನ್ನೂ ಮುಗಿಸಿಯೇ ಬಿಟ್ಟಳು. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಜಾನಕೀಬಾಯಿ ಅವಳ ಗಂಟಲಿನ ಮೇಲಿದ್ದ ಹೊಲಿಗೆಯ ಗುರುತನ್ನೇ ನೋಡುತ್ತಿದ್ದರು. ಆಮೇಲೆ ಅವಳ ಕೈ ಹಿಡಿದುಕೊಂಡು, ಅಣ್ಣನ ಕಡೆ ತಿರುಗಿ, ಆ ಮನೆಯ ಗೋಡೆಗೆಲ್ಲ ಕೇಳುವಂಥ ಧ್ವನಿಯಲ್ಲಿ ಹಾಡಿದರು.

'ಗುಡ್ಡ ಅಗದು ದೊಡ್ಡವರಾದರು ಬೀಗರು, ತುಪ್ಪದಾಗೂ ಕೆಮ್ಮಣ್ಣು ಬಡಿಸ್ಯಾರ ಬೀಗರು!'

ಯಾವ ಅಜ್ಜಿಯೂ ಕಲಿಸಿದ ಸಾಲಲ್ಲ ಅದು, ಅಲ್ಲೇ ಕೂತಲ್ಲೇ ಕಟ್ಟಿದ್ದು. ಎಲ್ಲರೂ ಅಣ್ಣನ ಮುಖ ನೋಡಿದರು. ಗುಡ್ಡದ ಮಾತನ್ನು ಅವನೆದುರು ಯಾರೂ ಹಾಗೆ ಎತ್ತಿ ಆಡಿದ್ದಿಲ್ಲ. ಅವನ ಕಿವಿ ಕೆಂಪಾದವು. ಆಮೇಲೆ, ಆ ದೇವರು ದೊಡ್ಡವನು, ಅಣ್ಣ ನಕ್ಕ. "ಖರೇ ಅದರಿ ಬೀಗರ. ದಿನಾ ಉಣ್ಣಾಕತ್ತೀವಿ" ಎಂದ. ಮನೆಯೆಲ್ಲ ನಕ್ಕಿತು. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದ ಗುರಾಚಾರ್ರು ಅದನ್ನು ಬಿಟ್ಟು ಒಳಗೆ ಬಂದರು. ತಾಂಬೂಲ ಬದಲಾಯಿತು.

ಇಡೀ ವಾರ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಹಂಗಿಸುವ ಹಾಡಿಗೆ ಎರಡೂ ಕಡೆ ಸಮ ಇರಬೇಕು. ನಮ್ಮ ಅಜ್ಜಿಯರ ಕಾಲಕ್ಕೆ ಎರಡೂ ಮನೆಯಲ್ಲಿ ಅದೇ ಜೋಳದ ರೊಟ್ಟಿ, ಅದೇ ನೀರು ಮಜ್ಜಿಗೆ. ಬೈದರೂ ಯಾರಿಗೂ ನಾಟುತ್ತಿರಲಿಲ್ಲ. ಈಗ ಒಂದೇ ಬಳಗದಲ್ಲಿ ಒಬ್ಬರಿಗೆ ಗ್ರಾನೈಟ್, ಒಬ್ಬರಿಗೆ ಬಸ್ಸು. ಹೀಗಿರುವಾಗ ಅದೇ ಸಾಲು ಚುಚ್ಚುತ್ತದೆ. ಹಾಡನ್ನು ಕೇಳಿ ಅದರ ಜಾತಿ ಹೇಳುತ್ತೇನೆಂದು ನಾನು ಹೊರಟಿದ್ದೆ. ಯಾರು, ಯಾರಿಗೆ, ಯಾವಾಗ ಹಾಡಿದರು ಎಂದು ತಿಳಿಯದೆ ಏನು ಹೇಳಲಿ? (ಹೆಂಡತಿ ಇದನ್ನು ಓದಿ, "ಪೂರ್ತಿ ಕೇಳಿದ್ರ ಸಾಕಿತ್ತು" ಎಂದಳು. ಅದೂ ನಿಜ.)

ನಿನ್ನೆ ಬೆಳಿಗ್ಗೆ ವೈದೇಹಿ ಮನೆಗೆ ಬಂದಳು. "ಕಾಕಾ, ನನಗ ಹಾಡು ಕಲೀಬೇಕಾಗೇದ" ಎಂದಳು. ನನಗೆ ಹಿಗ್ಗೋ ಹಿಗ್ಗು. "ಪದ್ಮಜ್ಜಿದೇನು? ಎಲ್ಲಾ ಅವ, ಸಿ.ಡಿ. ಮಾಡಿ ಕೊಡ್ತೀನಿ" ಎಂದೆ.

"ಅಲ್ಲ, ಅದು ಮದುವ್ಯಾಗ ನಮಗ ಉಪಯೋಗ ಇಲ್ಲ" ಎಂದಳು. "ನಮ್ಮ ಅತ್ತೆಯವರು ಹಾಡಿದ್ರಲ್ಲ, ನಿಮ್ಮನ್ನ ಬೈಯ್ಯೋದು, ಅದು."

ಮದುವೆಗೆ ಇನ್ನೂ ತಿಂಗಳುಗಳಿವೆ. ನಮ್ಮ ಹುಡುಗಿ ಆಗಲೇ ಎದುರು ಸಾಲಿನಲ್ಲಿ ಹೋಗಿ ಕೂತಿದ್ದಾಳೆ, ಇನ್ನು ನಾವು ಒಪ್ಪಿಸಿಕೊಡುವುದೇನು ಉಳಿಯಿತು?