ಎಲ್ಲರೂ ಮುಟ್ಟಿ ನೋಡಿ ಬಿಟ್ಟುಹೋದ ತರಕಾರಿ

ಆಗಲ್ಲ ಅಂದವರು ನನ್ನ ಸೋದರಮಾವ ನಿಂಗರಾಜು. ನಾನು ಪಿ.ಯು.ಸಿ.ಗೆ ಸೇರಿದಾಗಲೂ ಆಗಲ್ಲ ಅಂದಿದ್ದರು. ಹಾಸನಕ್ಕೆ ಬಿ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಡಿಗ್ರಿ ಓದಲು ಹೊರಟಾಗಲೂ ಅಂದಿದ್ದರು. ಹಾಗಾಗಿ ಎರಡು ವರ್ಷದ ಹಿಂದೆ, ಡಿಗ್ರಿಯ ಕೊನೆಯ ಸೆಮಿಸ್ಟರಿನಲ್ಲಿ, ನಮ್ಮ ಕಾಲೋನಿಗೆ ವಾರಕ್ಕೆರಡು ಸಲ ತರಕಾರಿ ತಂದು ಮಾರುತ್ತೇನೆ ಎಂದು ನಾನು ಹೇಳಿದಾಗ ಅವರು ಮತ್ತೆ ಅದೇ ಮಾತು ಅಂದದ್ದು ನನಗೇನೂ ಹೊಸದಾಗಿರಲಿಲ್ಲ.

"ಕಾಲೋನೀಲಿ ಚಿಪ್ಸ್ ಪಾಕೀಟು ಓಯ್ತದೆ ಕಣಮ್ಮಿ, ತರಕಾರಿ ಓಗಾಕಿಲ್ಲ," ಅಂದರು. ಅಂದವರೇ ತಮ್ಮ ಲಗೇಜ್ ಆಟೋ ಕೊಡಲು ಒಪ್ಪಿದರು. ನಮ್ಮ ಮಾವ ಇರುವುದೇ ಹಾಗೆ. ಆಗಲ್ಲ ಅನ್ನುತ್ತಲೇ ಗಾಡಿ ಸ್ಟಾರ್ಟ್ ಮಾಡುತ್ತಾರೆ.

ನಮ್ಮ ಕಾಲೋನಿ ಇರುವುದು ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ. ಜಮೀನಿಲ್ಲದವರಿಗೆ ಸೈಟು ಕೊಟ್ಟು ಆದ ಕಾಲೋನಿ. ಬೆಳಗಾಗುತ್ತಲೇ ಕೂಲಿಯವರನ್ನು ಕರೆದೊಯ್ಯುವ ಟೆಂಪೋ ಬರುತ್ತದೆ. ಹೆಂಗಸರು ಶುಂಠಿ ಕೀಳಲಿಕ್ಕೋ, ಬೀನ್ಸ್ ಬಿಡಿಸಲಿಕ್ಕೋ ಹತ್ತಿಕೊಂಡು ಹೋದರೆ ವಾಪಸ್ಸು ಬರುವುದು ಹೊತ್ತು ಮುಳುಗುವಾಗ. ಅವರು ಬಿಡಿಸಿದ ತರಕಾರಿ ಕ್ರೇಟು ತುಂಬಿಕೊಂಡು ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಸಂತೆಯ ದಿನ ಕೂಲಿ ಬಿಟ್ಟು ಹೋಗಲು ಆಗುವುದಿಲ್ಲ. ಕಾಲೋನಿಯಲ್ಲಿರುವುದು ಒಂದೇ ಪೆಟ್ಟಿಗೆ ಅಂಗಡಿ. ಅಲ್ಲಿ ಈರುಳ್ಳಿ, ಮೊಳಕೆ ಒಡೆದ ಆಲೂಗಡ್ಡೆ ಬಿಟ್ಟರೆ ಬಣ್ಣ ಬಣ್ಣದ ಪಾಕೀಟುಗಳು. ಮೊದಲೆಲ್ಲ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪಾದರೂ ಸಿಗುತ್ತಿತ್ತು. ಈಗ ಕಳೆಗೆ ಔಷಧಿ ಹೊಡೆದು ಹೊಡೆದು ಅದೂ ಇಲ್ಲ. ಆಸ್ಪತ್ರೆಗೆ ಹೋದ ಬಸುರಿಯರಿಗೆಲ್ಲ ರಕ್ತ ಕಡಿಮೆ ಎಂದು ಬರೆದುಕೊಡುತ್ತಿದ್ದರು. ನಾನು ಬೆಳೆದದ್ದೂ ಅದೇ ಅನ್ನ, ಅದೇ ನೀರುಸಾರಿನಲ್ಲಿ.

ಅದಕ್ಕೇ ನಾನು ಪ್ರಾಜೆಕ್ಟ್‌ಗೆ ಈ ವಿಷಯ ಆರಿಸಿಕೊಂಡೆ. ನಮ್ಮ ಕಡೆಯ ರೈತರಿಂದ ಹೊಲದ ಬೆಲೆಗೇ ತರಕಾರಿ ತಂದು, ಹೆಂಗಸರು ಕೂಲಿಯಿಂದ ಬರುವ ಹೊತ್ತಿಗೆ ಕಾಲೋನಿಯಲ್ಲೇ ಅಗ್ಗವಾಗಿ ಮಾರುವುದು. ಬಂಡವಾಳವನ್ನು ನಮ್ಮ ಸ್ತ್ರೀಶಕ್ತಿ ಸಂಘದವರು ಕೊಟ್ಟರು. ಕಾಲೇಜಿನ ಮೇಡಂ ಮಾತ್ರ ಒಂದು ಷರತ್ತು ಹಾಕಿದರು. ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು ಬಂದರೆ ಒಪ್ಪುವುದಿಲ್ಲ, ಜನ ಕೊಂಡು ತಿನ್ನಬೇಕು, ಇಲ್ಲದಿದ್ದರೆ ಪ್ರಾಜೆಕ್ಟ್ ಫೇಲ್ ಅಂದರು. ಫೇಲ್ ಆದರೆ ಇನ್ನೊಂದು ವರ್ಷ ಓದಿಸುವ ಶಕ್ತಿ ನಮ್ಮ ಅವ್ವನಿಗಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಅವ್ವ ಶುಂಠಿ ಹೊಲದಲ್ಲಿ ಬಗ್ಗಿ ಬಗ್ಗಿಯೇ ನನ್ನನ್ನು ಓದಿಸಿದ್ದು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ.

ಅವ್ವ ತನ್ನ ಕೈಲಾದ ಸಹಾಯ ಮಾಡಿದಳು. ಕೂಲಿ ಟೆಂಪೋದಲ್ಲಿ ಕೂತ ಎಲ್ಲರಿಗೂ, "ನೀವು ತಗಂಡ್ರೇನೇ ನಮ್ಮುಡ್ಗಿ ಪಾಸಾಗೋದಂತೆ. ಇಲ್ದಿದ್ರೆ ಇಷ್ಟ್ ವರ್ಸ ಓದಿದ್ದೆಲ್ಲ ನೀರ್ಗೆ ಓಯ್ತದಂತೆ," ಎಂದು ಹೇಳಿದ್ದಳು. ನನಗೆ ಸಂತೋಷವೇ ಆಯಿತು. ಇನ್ನು ಜನ ಬರದೇ ಇರುತ್ತಾರಾ ಅಂದುಕೊಂಡೆ.

ಜನ ಬಂದರು. ಮೊದಲ ದಿನ ನೀರಿನ ಟ್ಯಾಂಕಿನ ಹತ್ತಿರ ಆಟೋ ನಿಲ್ಲಿಸಿ ತಾಡಪಾಲು ಹಾಸಿ ಬದನೆಕಾಯಿ, ಹುರುಳಿಕಾಯಿ, ದಂಟಿನ ಸೊಪ್ಪು, ನುಗ್ಗೆಕಾಯಿ ಹರಡಿದೆ. ಟೆಂಪೋ ಇಳಿದ ಹೆಂಗಸರೆಲ್ಲ ನೇರ ನನ್ನ ಹತ್ತಿರವೇ ಬಂದರು. ಎತ್ತಿ ನೋಡಿದರು, ಮೂಸಿದರು, ಬೆಲೆ ಕೇಳಿದರು. ಅಗ್ಗ ಕಣವ್ವ ಅಂದರು. ಆಮೇಲೆ ಒಬ್ಬರು ಇನ್ನೊಬ್ಬರ ಬೆನ್ನಿಗೆ ಮೊಣಕೈ ತಿವಿಯುತ್ತ, ನೀನು ತಗೋ, ನೀನೇ ಮೊದ್ಲು ತಗೋ ಎಂದು ಪಿಸುಗುಟ್ಟಿದರು. ನೋಡನೋಡುತ್ತ ಎಲ್ಲರೂ ಹಿಂದೆ ಹಿಂದೆ ಸರಿದು ಮನೆಗೆ ಹೋದರು. ಒಂದು ಕಟ್ಟು ಸೊಪ್ಪೂ ಹೋಗಲಿಲ್ಲ.

ನನಗೆ ಏನೂ ಅರ್ಥವಾಗಲಿಲ್ಲ. ಮಾವ ಸೀಟಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದವರು, "ನಾನ್ ಯೋಳಿರ್ಲಿಲ್ವಾ," ಅಂದರು. ಆ ತರಕಾರಿಯನ್ನೇ ಅವರು ಅರಕಲಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದ್ದಕ್ಕೆ ಜನ ಮುಗಿಬಿದ್ದು ತೆಗೆದುಕೊಂಡರಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ಗೊಂದಲವಾಯಿತು. ತರಕಾರಿಯಲ್ಲಿ ದೋಷ ಇರಲಿಲ್ಲ ಅಂತಾಯಿತು.

ಬೆಲೆ ಜಾಸ್ತಿಯಾಯಿತೇನೋ ಎಂದು ಮುಂದಿನ ಸಲ ಇಳಿಸಿದೆ. ಬೆಲೆ ಕೇಳಿ ಮುಖ ಮುಖ ನೋಡಿಕೊಂಡು ಹೋದರು. ತಕ್ಕಡಿ ಕಂಡು ಮುಜುಗರವೇನೋ ಎಂದು ಅದನ್ನು ಒಳಗಿಟ್ಟು ಸಂತೆಯಲ್ಲಿ ಮಾಡುವ ಹಾಗೆ ಗುಡ್ಡೆ ಹಾಕಿದೆ. ಗುಡ್ಡೆ ಚೆನ್ನಾಗಿ ಹಾಕಿದೀಯ ಎಂದು ಹೊಗಳಿ ಹೋದರು. ಸೊಪ್ಪು ತಿಂದರೆ ರಕ್ತ ಹೇಗಾಗುತ್ತದೆ ಎಂದು ಚಾರ್ಟ್ ಹಿಡಿದು ವಿವರಿಸಿದೆ. ಪಕ್ಕದ ಮನೆಯ ಜಯಕ್ಕ ಕೊನೆವರೆಗೂ ನಿಂತು ಕೇಳಿ, ಪಾಠ ಮುಗೀತೇನವ್ವ ಎಂದು ವಿಚಾರಿಸಿ, ತಲೆ ಸವರಿ ಹೊರಟಳು.

ಇದಕ್ಕಿಂತ ವಿಚಿತ್ರ ಮಾರನೆಯ ಬೆಳಿಗ್ಗೆ ನಡೆಯಿತು. ಅದೇ ಜಯಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದು, ಉಳಿದಿದ್ದರೆ ನಾಲ್ಕು ಬದನೆಕಾಯಿ ಕೊಡು ಎಂದು ಅವ್ವನ ಹತ್ತಿರ ಕೇಳಿ ಪಡೆದುಕೊಂಡಳು. ಅವಳ ಹಿಂದೆ ಇನ್ನಿಬ್ಬರು ಬಂದರು. ತಿನ್ನಲು ಬೇಕು, ಕೊಳ್ಳಲು ಬೇಡ. ದುಡ್ಡಿಲ್ಲವೆಂದರೆ ಅದೂ ಅಲ್ಲ, ಮಕ್ಕಳಿಗೆ ಪಾಕೀಟು ಕೊಡಿಸುತ್ತಿದ್ದರು. ನನ್ನ ಮೇಲೆ ಸಿಟ್ಟಾ ಅಂದರೆ ಸಿಕ್ಕಾಗಲೆಲ್ಲ ನಗುನಗುತ್ತಲೇ ಮಾತಾಡುತ್ತಿದ್ದರು. ಹುಡುಗಿ ಓದಿ ದೊಡ್ಡವಳಾದಳು ಎಂದು ಒಳಗೊಳಗೇ ಹೊಟ್ಟೆಕಿಚ್ಚೋ ಏನೋ ಎಂದು ಕೂಡ ಯೋಚಿಸಿದೆ. ಅವ್ವನನ್ನು ಕೇಳಿದರೆ ಅವಳಿಗೂ ತಿಳಿದಿರಲಿಲ್ಲ. ಮೂರು ವರ್ಷ ಸಮುದಾಯ, ಸಮುದಾಯ ಅಂತ ಓದಿದ ನಾನು ಹುಟ್ಟಿ ಬೆಳೆದ ಕಾಲೋನಿಯ ಮುಂದೆ ಪರದೇಶಿಯ ಹಾಗೆ ನಿಂತಿದ್ದೆ. ಮುಂದಿನ ವಾರವೂ ಹೀಗೇ ಆದರೆ ಮೇಡಂ ಮುಂದೆ ಹೋಗಿ ಆಗಲಿಲ್ಲ ಎಂದು ಹೇಳುವುದೇ ಉಳಿದಿತ್ತು.

ಮುಂದಿನ ವಾರ ನಮ್ಮ ದೊಡ್ಡವ್ವ ಬಂದಳು. ನಮ್ಮ ಅಪ್ಪನ ಅಣ್ಣನ ಹೆಂಡತಿ. ಮಕ್ಕಳಿಲ್ಲ, ದೊಡ್ಡಪ್ಪನೂ ಇಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬಳೇ ಇರುತ್ತಾಳೆ. ಕಾಲೋನಿಯಲ್ಲಿ ಅವಳಿಗೊಂದು ಕೆಟ್ಟ ಹೆಸರಿದೆ, ಅವಳ ಕೈಗುಣ ಸರಿಯಿಲ್ಲ ಎಂದು. ಅವಳು ಸಾಕಿದ ಕೋಳಿ ಬದುಕಲಿಲ್ಲ, ಅವಳು ಮೊದಲು ಟೀ ಕುಡಿದ ಹೋಟೆಲು ಮುಚ್ಚಿಹೋಯಿತು ಎಂದೆಲ್ಲ ಕತೆ. ಯಾರಾದರೂ ಹೊಸದಾಗಿ ಏನಾದರೂ ಶುರು ಮಾಡಿದರೆ ಅವಳು ತಾನಾಗಿಯೇ ಮನೆಯೊಳಗೆ ಉಳಿದುಬಿಡುತ್ತಿದ್ದಳು. ನನ್ನ ಆಟೋದ ಹತ್ತಿರವೂ ಅಲ್ಲಿಯವರೆಗೆ ಬಂದಿರಲಿಲ್ಲ.

ಆ ಸಂಜೆಯೂ ಹೆಂಗಸರು ಸುತ್ತ ನಿಂತು ಮುಟ್ಟಿ ನೋಡುವುದು ನಡೆದಿತ್ತು. ದೊಡ್ಡವ್ವ ಶುಂಠಿ ಹೊಲದ ಮಣ್ಣು ಮೆತ್ತಿದ ಕಾಲಿನಲ್ಲೇ ಅವರನ್ನು ಸರಿಸಿಕೊಂಡು ಮುಂದೆ ಬಂದಳು. ಒಂದು ಗುಡ್ಡೆ ಬದನೆಕಾಯಿ ಸೆರಗಿಗೆ ಬಾಚಿಕೊಂಡು ದುಡ್ಡನ್ನು ನನ್ನ ಅಂಗೈಯಲ್ಲಿ ಒತ್ತಿದಳು.

ನಾನು ನಗುತ್ತ ಚಿಲ್ಲರೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವ್ವ ಮನೆಯಿಂದ ಓಡಿಬಂದಳು.

"ಅಕ್ಕಯ್ಯ, ನಿಂಗೇನು ಗ್ಯಾನ ಐತಾ? ಎಲ್ಲಾ ಗೊತ್ತಿದ್ದೂ ನೀನೇ ಬಂದ್ ಬೋಣಿ ಮಾಡ್ತೀಯಲ್ಲ. ನನ್ ಮಗ್ಳ ಬಾಳು ಕಣಕ್ಕ ಇದು," ಅಂದಳು.

"ಬದ್ನೆಕಾಯಿ ತಿನ್ಬೇಕು ಅನ್ನುಸ್ತು, ತಗಂಡೆ," ಅಂದಳು ದೊಡ್ಡವ್ವ. ತಿರುಗಿ ನೋಡದೆ ಹೋಗಿಬಿಟ್ಟಳು.

ಆಮೇಲೆ ಆದದ್ದನ್ನು ನಾನು ಈಗಲೂ ನೆನೆಸಿಕೊಂಡು ಬೆರಗಾಗುತ್ತೇನೆ. ಅವಳು ಮರೆಯಾಗಿದ್ದೇ ತಡ, ಎಲ್ಲರೂ ತಾಡಪಾಲಿನ ಮೇಲೆ ಬಿದ್ದರು. ನಂಗೆ ಸೊಪ್ಪು, ನಂಗೆ ನುಗ್ಗೆಕಾಯಿ ಎಂದು ಕೈಗಳು. ದಾರಿಯಲ್ಲಿ ನಿಂತಿದ್ದ ಅವ್ವನನ್ನೂ ತಳ್ಳಿದರು. ಮಾವ ಮೊಬೈಲ್ ಜೇಬಿಗೆ ಹಾಕಿಕೊಂಡು ಇಳಿದು ಬಂದು ಚೀಲ ಹಿಡಿಯಬೇಕಾಯಿತು. ಹೊತ್ತು ಪೂರ್ತಿ ಮುಳುಗುವ ಮುಂಚೆ ತಾಡಪಾಲು ಬರಿದಾಗಿತ್ತು.

ನಾನು ಜಯಕ್ಕನ ಕೈ ಹಿಡಿದು ನಿಲ್ಲಿಸಿ, ಇದೇನು ಇದು, ಇಷ್ಟು ದಿನ ಎಲ್ಲಿ ಹೋಗಿದ್ರಿ ಎಂದು ಕೇಳಿದೆ. ಅವಳು ನನ್ನನ್ನು ಪಾಪದವಳನ್ನು ನೋಡುವ ಹಾಗೆ ನೋಡಿದಳು.

"ನಿಮ್ಮವ್ವ ಟೆಂಪೋದಲ್ಲಿ ಅಂಗ್ ಯೋಳಿದ್ ಮ್ಯಾಲೆ ಬೋಣಿ ಮಾಡಾಕೆ ಯಾರ್ಗೆ ದೈರ್ಯ ಬತ್ತದೆ ಕಣವ್ವ? ನಾನ್ ಬೋಣಿ ಮಾಡಿ, ಯಾಪಾರ ಕೆಟ್ಟು, ನೀನು ಪೇಲಾದ್ರೆ? ಸಾಯೋಗಂಟ ನನ್ ಕೈಗುಣಾನೇ ಅಂತಿದ್ರು. ನಮ್ ಕಾಲೋನೀಲಿ ಓದಿರೋಳು ನೀನೊಬ್ಳು. ಈಗ ನಿಮ್ ದೊಡ್ಡವ್ವನೇ ಮಾಡವ್ಳೆ. ಕೆಟ್ರೂ ಅವ್ಳ ತಲೆ ಮ್ಯಾಲೆ. ನಮ್ಗೇನು?"

ಹೊಸ ವ್ಯಾಪಾರದಲ್ಲಿ ಮೊದಲ ಗಿರಾಕಿಯ ಬೋಣಿ ಒಳ್ಳೆಯ ಕೈಯಿಂದ ಆಗಬೇಕು ಅನ್ನುವುದು ನನಗೂ ಗೊತ್ತಿತ್ತು. ಹಾಸನದ ಮಾರ್ಕೆಟಿನಲ್ಲಿ ಬೆಳಿಗ್ಗೆ ಹೋದರೆ ಬೋಣಿ ಮಾಡಮ್ಮ ಎಂದು ನನ್ನನ್ನೇ ಕರೆಯುತ್ತಾರೆ. ಆದರೆ ನಾನು ಪಾಸಾಗಬೇಕು ಅನ್ನುವ ಆಸೆಗೇ ಇಡೀ ಕಾಲೋನಿ ತರಕಾರಿ ಕೊಳ್ಳದೆ ಅನ್ನ, ನೀರುಸಾರು ಉಣ್ಣುತ್ತಿತ್ತು ಎಂದರೆ ನಾನು ಏನು ಅಂದುಕೊಳ್ಳಬೇಕು? ಸಿಟ್ಟು ಬಂತು, ನಗು ಬಂತು, ಅವರ ಬಗ್ಗೆ ಹೊಟ್ಟೆಕಿಚ್ಚು ಎಂದು ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಯಾವುದು ಮೊದಲು ಬಂತೆಂದು ಹೇಳಲಾರೆ.

ದೊಡ್ಡವ್ವನ ಮನೆಗೆ ಹೋದೆ. ಒಲೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಬೇಕಂತಲೇ ಮಾಡಿದೆಯಾ ಎಂದು ಕೇಳಿದೆ. ಎಳೆಕಾಯಿ, ಚೆನ್ನಾಗಿವೆ, ಎಣ್ಣೆಗಾಯಿಗೆ ಆಗುತ್ತೆ ಅಂದಳು. ಮತ್ತೆ ಕೇಳಿದ್ದಕ್ಕೆ ಒಲೆ ಊದತೊಡಗಿದಳು.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಆಟೋ ಬಂದು ನಿಂತರೆ ಜನವೇ ದೊಡ್ಡವ್ವನನ್ನು ಕೂಗಿ ಕರೆಯುತ್ತಿದ್ದರು. ಅವಳು ಬಂದು ಏನಾದರೊಂದು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದಳು. ಆಮೇಲೆ ಉಳಿದವರು. ಸೊಪ್ಪು ಮೊದಲು ಖಾಲಿಯಾಗುತ್ತಿತ್ತು. ನನಗೆ ವ್ಯಾಪಾರ ನಡೆಯುವ ಖುಷಿ ಒಂದು ಕಡೆ, ಅವಳನ್ನು ಹೀಗೆ ಬಳಸಿಕೊಳ್ಳುತ್ತಿದ್ದೇವಲ್ಲ ಎಂಬ ಹಿಂಸೆ ಇನ್ನೊಂದು ಕಡೆ. ಬೇಡ ದೊಡ್ಡವ್ವ, ಬರಬೇಡ ಎಂದರೆ ವ್ಯಾಪಾರ ನಿಲ್ಲುತ್ತದೆ. ಬಾ ಅನ್ನಲು ಬಾಯಿ ಬರುವುದಿಲ್ಲ. ಅವ್ವ ಅಂತೂ ಅವಳ ಜೊತೆ ಮಾತನ್ನೇ ಬಿಟ್ಟಿದ್ದಳು. ಟೆಂಪೋದಲ್ಲಿ ಎದುರು ಬದುರು ಕೂತರೂ ಮುಖ ತಿರುಗಿಸುತ್ತಿದ್ದಳಂತೆ. ಎಷ್ಟು ಹೇಳಿದರೂ, ನಿನ್ನ ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂದಳು.

ವೈವಾದ ದಿನ ಹೊರಗಿನಿಂದ ಬಂದಿದ್ದ ಸರ್ ನನ್ನ ವರದಿ ತಿರುವಿ ಹಾಕಿ, ಮೊದಲು ಮಾರಾಟವೇ ಇಲ್ಲ, ಆಮೇಲೆ ಒಂದೇ ದಿನಕ್ಕೆ ಎಲ್ಲ ಖಾಲಿ, ಕಾರಣ ಏನಮ್ಮ ಎಂದು ಕೇಳಿದರು. ಬೆಲೆ, ಜಾಗ, ಹೊತ್ತು ಎಂದೆಲ್ಲ ಬರೆದಿದ್ದೆ. ಅದು ಯಾವುದೂ ಅಲ್ಲ ಎಂದು ಗೊತ್ತಿತ್ತು. ಜನಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿ ಕೊಳ್ಳಲಿಲ್ಲ ಸಾರ್ ಅಂದೆ. ಅವರು ನಕ್ಕರು. ಬಿಡಿಸಿ ಹೇಳಲು ಹೋದೆ, ಹೇಳುತ್ತ ಹೇಳುತ್ತ ನನಗೇ ಗೋಜಲಾಯಿತು. ಇಂದಿಗೂ ನನಗೆ ಪೂರ್ತಿ ಅರ್ಥವಾಗಿದೆ ಎನ್ನುವ ಧೈರ್ಯವಿಲ್ಲ. ಗಾಡಿ ಈಗಲೂ ವಾರಕ್ಕೆರಡು ದಿನ ಹೋಗುತ್ತದೆ, ಸಂಘದವರೇ ನಡೆಸುತ್ತಾರೆ. ಎಲ್ಲಾದರೂ ಜನ ಒಳ್ಳೆಯದನ್ನು ಬೇಡ ಅಂದರೆ ಅವರಿಗೆ ತಿಳಿವಳಿಕೆ ಇಲ್ಲ ಎಂದು ನಾನು ಈಗ ಸುಲಭವಾಗಿ ಹೇಳುವುದಿಲ್ಲ. ನನಗೇ ತಿಳಿಯದ್ದು ಏನೋ ಇರಬೇಕು ಅನ್ನಿಸುತ್ತದೆ.

ರಿಸಲ್ಟ್ ಬಂತು, ಪಾಸಾಗಿದ್ದೆ. ಮೊಬೈಲಿನಲ್ಲಿ ತೋರಿಸಿದರೆ ಅವ್ವ ನಂಬಲಿಲ್ಲ, ಕಾಗದ ಬರಲಿ ಅಂದಳು. ಕೆಲವು ತಿಂಗಳ ಮೇಲೆ ಪದವಿ ಪ್ರಮಾಣಪತ್ರ ಕೈಗೆ ಬಂತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಆಗೋಯ್ತಲ್ಲಮ್ಮಿ," ಎಂದು ತಮಗೇ ನಷ್ಟವಾದ ಹಾಗೆ ಹೇಳಿದರು. ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಎರಡು ಮನೆ ದಾಟಿ ಹೋದಳು. ನಾನೂ ಹಿಂದೆ ಹೋದೆ.

ದೊಡ್ಡವ್ವ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಅವ್ವ ಪ್ರಮಾಣಪತ್ರವನ್ನು ಅವಳ ಮುಂದೆ ಚಾಚಿದಳು. ಎಷ್ಟೋ ತಿಂಗಳ ಮೇಲೆ ಅಕ್ಕಯ್ಯ ಎಂದು ಕರೆದಳು. ದೊಡ್ಡವ್ವ ಮೊರ ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿ ಒರೆಸಿ, ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ ಅಲ್ಲಿ ಬೆರಳಿಟ್ಟಳು.

"ನೀನು ಪೇಲಾಗಿದ್ರೆ ಈ ಕಾಲೋನೀಲಿ ನನ್ನ ಇರಾಕ್ ಬುಡ್ತಿರ್ಲಿಲ್ಲ ಕಣವ್ವ," ಅಂದಳು. "ಬೋಣಿ ಮಾಡಿದ್ ದಿನಾನೇ ಬಟ್ಟೆ ಗಂಟ್ ಕಟ್ಟಿ ಮಡ್ಗಿವ್ನಿ. ಇನ್ ಬಿಚ್ತೀನಿ."