ಮೈಗಳ್ಳಿ ಎಂದವನು

ನಾನು ನನ್ನ ಹೆಂಡತಿಯನ್ನು ಮೈಗಳ್ಳಿ ಎಂದು ಬೈದದ್ದು ಹೊಗೆಸೊಪ್ಪು ಒಣಗಿಸುವ ನಮ್ಮ ಬ್ಯಾರನ್ ಮುಂದೆ, ಸೊಪ್ಪು ಕಟ್ಟಲು ಬಂದಿದ್ದ ಆಳುಗಳ ಎದುರಿಗೆ. ನಮ್ಮ ಗಾವಡಗೆರೆ ಕಡೆ ದುಡಿಯುವ ಹೆಂಗಸಿಗೆ ಇದಕ್ಕಿಂತ ಕೆಟ್ಟ ಮಾತು ಬೇಕಿಲ್ಲ. ಅವಳು ಎಲೆ ಕಟ್ಟುವ ಕಡ್ಡಿಯ ಮುಂದೆ ಕೂತು, ದಾರ ಹಿಡಿದು, ಸುಮ್ಮನೆ ಸೊಪ್ಪನ್ನು ನೋಡುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಕೋಪ.

ಅವಳ ಕೈ ನಡುಗತೊಡಗಿದ ಮೇಲಷ್ಟೇ ಮೈಸೂರಿಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರಮ್ಮ ಪಾರ್ಕಿನ್ಸನ್ ಎಂದರು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದರೆ ಕೈಕಾಲು ಕೆಡುವುದಷ್ಟೇ ಅಲ್ಲ, ಏಳಬೇಕು, ಮಾಡಬೇಕು ಎನ್ನುವ ಮನಸ್ಸೇ ಹುಟ್ಟದೆ ಹೋಗಬಹುದಂತೆ. ಅದಕ್ಕೆ ಸೆರೊಟೋನಿನ್‌ನಂಥ ಜೊತೆಗಾರರೂ ಇದ್ದಾರಂತೆ. ಒಂದು ಬೇಕು ಎಂದು ಮುಂದಕ್ಕೆ ತಳ್ಳಿದರೆ ಇನ್ನೊಂದು ತಾಳು ಎಂದು ಹಿಡಿದು ನಿಲ್ಲಿಸುತ್ತದೆ, ಇವು ಒಟ್ಟಿಗೆ ನಡೆದರೇ ಮನುಷ್ಯ ನೆಟ್ಟಗೆ ಬದುಕು ಮಾಡುವುದು ಎಂದು ನನ್ನಂಥವನಿಗೂ ತಿಳಿಯುವ ಹಾಗೆ ಹೇಳಿದರು. ನಾನು ಬೈದ ಮಾತು ನೆನಪಾಗಿ ತಲೆ ತಗ್ಗಿಸಿದೆ. ಮಾತ್ರೆ ಬರೆದುಕೊಟ್ಟು ಒಂದು ಎಚ್ಚರಿಕೆಯನ್ನೂ ಹೇಳಿದರು. ಕೆಲವರಿಗೆ ಇದರಿಂದ ಆ 'ಬೇಕು' ಅತಿಯಾಗುತ್ತದೆ, ಯಾವುದಾದರೂ ಕೆಲಸಕ್ಕೆ ಅಂಟಿಕೊಂಡು ಬಿಡಲಾಗದೆ ಹೋದರೆ ತಕ್ಷಣ ತಿಳಿಸಿ ಎಂದರು.

ಮುಂದಿನ ವರ್ಷ ಸೊಪ್ಪು ಮುರಿಯುವ ಹೊತ್ತಿಗೆ ಅವಳ ಕೈ ಚುರುಕಾಗಿತ್ತು. ಇಬ್ಬರು ಆಳು ಕಟ್ಟುವಷ್ಟು ಕಡ್ಡಿ ಒಬ್ಬಳೇ ಕಟ್ಟುತ್ತಿದ್ದಳು. ಆಳು ಸಿಗದ ಕಾಲ, ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಊಟಕ್ಕೆ ಕರೆದರೂ ಏಳದಾದಳು. ಅವತ್ತಿನ ಸೊಪ್ಪು ಮುಗಿದ ಮೇಲೂ ಕಟ್ಟಿದ್ದನ್ನೇ ಬಿಚ್ಚಿ, ಎಲೆ ಸಮ ಮಾಡಿ, ಮತ್ತೆ ಕಟ್ಟುತ್ತಿದ್ದಳು. ದಾರ ಕೊಯ್ದು ಬೆರಳುಗಳು ಸೀಳಿದ್ದವು. ಗಾಯದೊಳಗೆ ಸೊಪ್ಪಿನ ಕಪ್ಪು ಅಂಟು ಮೆತ್ತಿಕೊಂಡು ಉರಿಯುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ನನಗೆ ಮರೆತಿರಲಿಲ್ಲ. ಮರೆತಿದ್ದೆ ಎಂದು ಇವತ್ತು ಸುಳ್ಳು ಹೇಳಲಾರೆ.

ಆ ನಡುವೆಯೇ ಮತ್ತೆ ತೋರಿಸುವ ದಿನ ಬಂತು. ಮನೆಯಲ್ಲಿ ಹೇಗಿದ್ದಾರೆ, ಏನಾದರೂ ಬದಲಾವಣೆ ಇದೆಯೇ ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ಇವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮುಖ ನೋಡುತ್ತಿದ್ದಳು.

"ಚೆನ್ನಾಗವ್ಳೆ ಮೇಡಂ, ಮೊದಲಿನಂಗೇ ಕೆಲ್ಸ ಮಾಡ್ತಾಳೆ," ಎಂದೆ.

ಊರಿಗೆ ಹಿಂದಿರುಗಲು ಹುಣಸೂರು ಬಸ್ಸು ಹತ್ತಿದೆವು. ಬಿಳಿಕೆರೆ ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಸೊಪ್ಪು ಮುಗಿಯೋಗಂಟ ನಾನು ಇಂಗೇ ಇರ್ಲಿ ಅಂತ್ಲಾ?"

ಕೋಪವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದಳು. ನಾನು ಕಿಟಕಿಯ ಕಡೆ ತಿರುಗಿದೆ. ನಾಚಿಕೆಯಿಂದ ಕಿವಿ ಕಾಯುತ್ತಿತ್ತು.

ಆಮೇಲೆ ಮಾತ್ರೆ ಕಡಿಮೆ ಮಾಡಿಸಲು ಡಾಕ್ಟರಮ್ಮನಿಗೆ ಒಂದು ಫೋನು ಸಾಕಾಯಿತು. ನಾನು ಆ ಫೋನು ಮಾಡಿದ್ದು ಆ ವರ್ಷದ ಕೊನೆಯ ಸೊಪ್ಪನ್ನು ಬ್ಯಾರನ್‌ನಿಂದ ಇಳಿಸಿದ ಮಾರನೆಯ ದಿನ.