ಬೀಬಿ ಮನೆಯ ನಾಲಿಗೆ

ಹೆಬಳೆಯಲ್ಲಿ ನಮ್ಮ ಮನೆಗೆ ತಾಗಿಯೇ ಸೋಮಿಯ ಮನೆ. ನಡುವೆ ಒಂದು ಸಾಲು ದಾಸವಾಳದ ಬೇಲಿ. ಅವಳು ಆಚೆ ನಿಂತು ಹೇಳುತ್ತಾಳೆ, ನಾನು ಈಚೆ ನಿಂತು ಕೇಳುತ್ತೇನೆ. ಈ ಸಂಗತಿಯನ್ನೂ ಹಾಗೆಯೇ ಕೇಳಿದ್ದು. ಕೇಳಿದ ದಿನ ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಮಾತ್ರ ಹೇಳಲಾರೆ, ಏಕೆಂದರೆ ಇದರಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ.

ಸೋಮಿ ಐವತ್ತು ದಾಟಿದವಳು. ಬೆಳಿಗ್ಗೆ ಹರಿವೆ, ಬದನೆಗೆ ನೀರು ಹಾಕಿ, ಗಂಡ ಮಾಬ್ಲನಿಗೆ ಗಂಜಿ ಬಡಿಸಿ, ರಿಕ್ಷಾ ಹಿಡಿದು ಭಟ್ಕಳ ಪೇಟೆಗೆ ಹೋಗುತ್ತಾಳೆ. ಅಲ್ಲಿ ಮೈಮೂನಾ ಬೀಬಿಯ ಮನೆಯಲ್ಲಿ ಅಡುಗೆ ಕೆಲಸ. ವರ್ಷದ ಉಳಿದ ದಿನಗಳಲ್ಲಿ ಅವಳು ತರಕಾರಿ ಹೆಚ್ಚುವವಳು, ಕಾಯಿ ತುರಿಯುವವಳು, ಅಷ್ಟೆ. ರಮಜಾನ್ ತಿಂಗಳು ಬಂತೆಂದರೆ ಅವಳ ಸ್ಥಾನ ಏರುತ್ತದೆ. ಮನೆಯವರೆಲ್ಲ ಉಪವಾಸ, ಸಂಜೆ ಮಸೀದಿಯ ಬಾಂಗ್ ಕೇಳುವ ತನಕ ತುಟಿಗೆ ನೀರು ಮುಟ್ಟಿಸುವಂತಿಲ್ಲ. ಇಫ್ತಾರಿಗೆಂದು ಮಾಡಿದ ಅಡುಗೆಗೆ ಉಪ್ಪು ಸರಿಯಾಗಿದೆಯೇ ಎಂದು ನೋಡುವವರು ಯಾರು? ಉಪವಾಸವಿಲ್ಲದ ನಾಲಿಗೆ ಆ ಮನೆಯಲ್ಲಿ ಒಂದೇ, ಅದು ಸೋಮಿಯದು. ತುದಿನಾಲಿಗೆಗೆ ತಾಗಿಸಿ ಉಗುಳಿಬಿಟ್ಟರೆ ರೋಜಾ ಎಂಬ ಆ ಉಪವಾಸ ಮುರಿಯುವುದಿಲ್ಲ ಎಂದು ತಿಳಿದವರು ಹೇಳುತ್ತಾರಂತೆ. ಬೀಬಿಗೆ ಅದೂ ಮನಸ್ಸಿಗೆ ಒಗ್ಗುವುದಿಲ್ಲ. "ನಮ್ಮ ಸೋಮಿ ಇರುವಾಗ ಆ ರಗಳೆ ಎಂತಕ್ಕೆ?" ಎನ್ನುತ್ತಾರೆ.

ಸೋಮಿ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚಿ, "ಆತು" ಎನ್ನಬೇಕು. ಆಗಲೇ ಪಾತ್ರೆ ಒಲೆಯಿಂದ ಇಳಿಯುವುದು. ಆ ಒಂದು ಮಾತಿನ ಮೇಲೆ ಅವಳಿಗೆ ಎಷ್ಟು ಹೆಮ್ಮೆಯೆಂದರೆ ರಮಜಾನಿನಲ್ಲಿ ಅವಳ ನಡಿಗೆಯೇ ಬೇರೆ. "ಜಡ್ಜ್ ಸಾಹೇಬರು ಹೊರಟರು, ದಾರಿ ಬಿಡಿ" ಎಂದು ನಾವು ಬೇಲಿಯ ಈಚೆಯಿಂದ ತಮಾಷೆ ಮಾಡುವುದಿತ್ತು. ಅವಳು ಸೆರಗು ಕೊಡವಿಕೊಂಡು ಹೋಗುತ್ತಿದ್ದಳು.

ಈ ವರ್ಷ ರಮಜಾನಿಗೆ ಸ್ವಲ್ಪ ಮುಂಚೆ ಅವಳಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಬಿಡುವಾಗ ಬಾಯಿರುಚಿಯನ್ನೂ ತೆಗೆದುಕೊಂಡು ಹೋಯಿತು. ಉಪ್ಪು ಇಟ್ಟರೂ ಅಷ್ಟೆ, ಬೆಲ್ಲ ಇಟ್ಟರೂ ಅಷ್ಟೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಾಬ್ಲನಿಗೆ ಸಾರಿಗೆ ಉಪ್ಪು ಬೀಳದಿದ್ದರೂ ಗೊತ್ತಾಗುವುದಿಲ್ಲ, ಹೆಂಡತಿ ಬದಲಾದರೂ ಗೊತ್ತಾಗುವುದಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಸೋಮಿ ಕಾದಳು. ಅಷ್ಟರಲ್ಲಿ ರಮಜಾನಿನ ಚಂದ್ರ ಕಂಡ.

ಮೊದಲ ದಿನವೇ ಹೇಳಿಬಿಡಬೇಕಿತ್ತು. ಅವಳು ಹೇಳಬೇಕೆಂದೇ ಹೋದದ್ದು. ಆದರೆ ಬೀಬಿ ಗಂಜಿಯ ಪಾತ್ರೆಯ ಮುಚ್ಚಳ ತೆಗೆದು, ನಗುತ್ತ ಸೌಟು ಮುಂದೆ ಹಿಡಿದಾಗ ಬಾಯಿಂದ ಅಭ್ಯಾಸಬಲದಲ್ಲಿ "ಆತು" ಎಂದು ಬಿದ್ದುಹೋಯಿತು. ಒಂದು ಸಲ ಬಿದ್ದ ಮೇಲೆ ಎರಡನೇ ದಿನ ಹೇಗೆ ಹೇಳುವುದು? ಅವತ್ತು ಹೇಳಿದ್ದು ಸುಳ್ಳೇ ಎಂದು ಕೇಳಿದರೆ? ಹಾಗೆ ದಿನದಿನವೂ ಅವಳು ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಓಡಾಡಿದಳು. ಕೈಯಳತೆ ಗಟ್ಟಿ ಇದ್ದುದರಿಂದ ಬಚಾವು. ಬೀಬಿ ಮನೆಯ ಗಂಜಿಗೆ ಎಷ್ಟು ಉಪ್ಪು, ಸಾರಿಗೆ ಎಷ್ಟು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಆದರೂ ಪ್ರತಿ ಸಂಜೆ ಎಲ್ಲರ ಮೊದಲ ತುತ್ತು ಗಂಟಲಿಳಿಯುವ ತನಕ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳಂತೆ. ಇದನ್ನು ಕೇಳಿ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು.

ಬೀಬಿಯ ಸೊಸೆ ಸುಮಯ್ಯಾ. ಶಾರ್ಜಾದಲ್ಲಿ ಹುಟ್ಟಿ ಬೆಳೆದ ಹುಡುಗಿ. ಗಂಡನಿಗೆ ಇಲ್ಲೇ ಪೇಟೆಯಲ್ಲಿ ಬಟ್ಟೆ ಅಂಗಡಿ. ಮದುವೆಯಾಗಿ ಬರುವಾಗ ಅವಳಿಗೆ ಕನ್ನಡದ ಗಂಧವೂ ಇರಲಿಲ್ಲ. ಸೋಮಿಯ ಜೊತೆ ಅಡುಗೆಮನೆಯಲ್ಲಿ ಕೂತು ಕೂತು ಕಲಿತಳು. ಹಾಗಾಗಿ ಆ ಹುಡುಗಿ ಬಾಯಿಬಿಟ್ಟರೆ ಹೆಬಳೆಯವಳೇ ಮಾತಾಡಿದ ಹಾಗೆ ಕೇಳುತ್ತದೆ.

ಮದುವೆಯಾಗಿ ಎರಡು ವರ್ಷವಾದರೂ ಮಗುವಾಗಿರಲಿಲ್ಲ. ಬೀಬಿ ಒಂದು ಕೆಟ್ಟ ಮಾತು ಆಡಿದವರಲ್ಲ. ಅದೇ ಕಷ್ಟ. ಬೈದರೆ ಎದುರು ಹೇಳಬಹುದು, ಪ್ರೀತಿಯಿಂದ ಕಾಯುತ್ತ ಕೂತವರಿಗೆ ಏನು ಹೇಳುವುದು? ಅವರ ಇಬ್ಬರು ತಂಗಿಯರು ಬಂದಾಗಲೆಲ್ಲ ಸುಮಯ್ಯಾಳ ಕೈ ಹಿಡಿದು "ವಿಶೇಷ ಉಂಟಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ "ಆಗ್ತದೆ, ಆಗ್ತದೆ" ಎಂದು ಗಲ್ಲ ಸವರುತ್ತಿದ್ದರು. ಅವರು ಹೋದ ಮೇಲೆ ಹುಡುಗಿ ಬಚ್ಚಲಿಗೆ ಹೋಗಿ ಮುಖ ತೊಳೆದು ಬರುವುದನ್ನು ಸೋಮಿ ನೋಡಿದ್ದಳು.

ಆ ತಂಗಿಯರನ್ನು ಒಂದು ದಿನ ಇಫ್ತಾರಿಗೆ ಕರೆದಿದ್ದರು. ಸುಮಯ್ಯಾ ತಾನೊಂದು ಹೊಸ ತಿನಿಸು ಮಾಡುತ್ತೇನೆ ಎಂದಳು. ಶಾರ್ಜಾದಲ್ಲಿ ಪಕ್ಕದ ಮನೆಯಲ್ಲಿದ್ದ ಲೆಬನಾನಿನ ಹೆಂಗಸು ಕಲಿಸಿಕೊಟ್ಟದ್ದು, ಎಲೆಕೋಸಿನ ಸಲಾಡ್. ಬಾಯಿಗೆ ರುಚಿಯಾದರೆ ಅತ್ತೆಯ ತಂಗಿಯರು ಒಂದು ಸಂಜೆಯಾದರೂ ಬೇರೆ ಮಾತಾಡಿಯಾರು ಎಂಬ ಆಸೆ ಅವಳದು.

ಸೋಮಿ ಮೆಟ್ಟುಗತ್ತಿಯ ಮುಂದೆ ಕೂತು ಕೋಸನ್ನು ನೂಲಿನ ಹಾಗೆ ಸಣ್ಣಗೆ ಹೆಚ್ಚಿದಳು.

"ಇದ್ನ ಬೇಯ್ಸುದು ಯಾವಾಗ?"

"ಬೇಯ್ಸುದಿಲ್ಲ ಸೋಮಕ್ಕ. ಹಸೀದೇ ತಿಂಬುದು."

"ನಮ್ಮನೇಲಿ ಹಸಿ ಕೋಸು ತಿಂಬುದು ದನ, ಸಣ್ಣ ಬೀಬಿ."

ಸುಮಯ್ಯಾ ನಕ್ಕಳು. ಕೋಸಿಗೆ ಉಪ್ಪು ಹಾಕಿ, ಎರಡೂ ಕೈಯಿಂದ ಚೆನ್ನಾಗಿ ತಿಕ್ಕಿ, ನೀರು ಬಿಡಲಿ ಎಂದು ಮುಚ್ಚಿಟ್ಟು ಕೋಣೆಗೆ ಹೋದಳು. ಅಷ್ಟು ಹೊತ್ತು ಸೋಮಿ ಹಿತ್ತಲಲ್ಲಿ ಪುದಿನ ಕೀಳುತ್ತಿದ್ದಳು. ಬಂದು ನೋಡಿದರೆ ಹೆಚ್ಚಿದ ಕೋಸು ಬೋಗುಣಿಯಲ್ಲಿದೆ. ಹೆಚ್ಚಿದ ತರಕಾರಿ ಕಂಡರೆ ಅವಳ ಕೈ ತಾನಾಗಿಯೇ ಉಪ್ಪಿನ ಭರಣಿಗೆ ಹೋಗುತ್ತದೆ. ಅವಳೂ ಒಂದು ಹಿಡಿ ಹಾಕಿ ತಿಕ್ಕಿದಳು.

ಇಳಿಹೊತ್ತಿಗೆ ಸುಮಯ್ಯಾ ಬಂದು ಕೋಸನ್ನು ಹಿಂಡಿದಳು. ಬೆಳ್ಳುಳ್ಳಿ ಜಜ್ಜಿ ಹಾಕಿದಳು, ಪುದಿನ, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿದಳು, ಲಿಂಬೆ ಹಿಂಡಿ ಆಲಿವ್ ಎಣ್ಣೆ ಬಿಟ್ಟಳು. ಬಿಳಿ ಹಸಿರಿನ ಆ ರಾಶಿ ನೋಡಲು ಚಂದವಾಗಿಯೇ ಇತ್ತು.

"ಸೋಮಕ್ಕ, ನೋಡು. ಹುಳಿ ಮುಂದೆ ಬರ್ಬೇಕು, ಉಪ್ಪು ಹಿಂದೆ ನಿಲ್ಬೇಕು. ಹೌದಾ?"

ಸೋಮಿ ಒಂದು ಚಿಟಿಕೆ ಬಾಯಿಗಿಟ್ಟು ಜಗಿದಳು. ಹಲ್ಲಿಗೆ ಕರುಮುರು ಎಂದಿತು, ನಾಲಿಗೆಗೆ ಏನೂ ಇಲ್ಲ. ಸಾರಾದರೆ ಬೆರಳಿಗೆ ಲೆಕ್ಕ ಗೊತ್ತಿತ್ತು. ಇದನ್ನು ಅವಳು ಹುಟ್ಟಿದಂದಿನಿಂದ ತಿಂದವಳಲ್ಲ. ಸರಿಯಾದ ರುಚಿ ಎಂದರೆ ಯಾವುದು ಎಂಬುದೇ ತಿಳಿಯದು. "ಆತು" ಎಂದುಬಿಡಲು ಬಾಯಿ ತೆರೆದಳು. ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಸೋಮಿಗೆ ಆಗಲಿಲ್ಲ.

"ಸಣ್ಣ ಬೀಬಿ, ನಂಗೆ ರುಚಿ ತಿಳೂದಿಲ್ಲ. ಜ್ವರ ಬಂದಾಗ್ಲಿಂದ ನಾಲ್ಗೆ ಸತ್ತು ಹೋಗ್ಯದೆ. ಇಷ್ಟು ದಿನ ಸುಳ್ಳೇ ಆತು, ಆತು ಹೇಳಿದ್ದು. ದೊಡ್ಡ ಬೀಬಿಗೆ ಹೇಳ್ಬೇಡ. ನನ್ನ ಒಲೆ ಹತ್ರ ಸೇರ್ಸುದಿಲ್ಲ ಮತ್ತೆ."

ಸುಮಯ್ಯಾ ಬಾಗಿಲ ಕಡೆ ನೋಡಿ, ಬೋಗುಣಿಗೆ ಕೈ ಹಾಕಿ, ಒಂದು ಮುಷ್ಟಿ ಕೋಸು ತೆಗೆದು ಬಾಯಿಗೆ ತುಂಬಿಕೊಂಡಳು. ಜಗಿದು ನುಂಗಿದಳು. ಸೋಮಿ ಹೌಹಾರಿದಳು.

"ಅಯ್ಯೋ! ರೋಜಾ ಹೋತಲ್ಲ ನಿಂದು!"

"ನಂಗೆ ರೋಜಾ ಇಲ್ಲ ಸೋಮಕ್ಕ. ನಿನ್ನೆಯಿಂದ." ಹುಡುಗಿಯ ದನಿ ಕೇಳಿಸದಷ್ಟು ಇಳಿಯಿತು. "ನಂಗೆ ಹೊರಗೆ."

ಮುಟ್ಟಾದವರಿಗೆ ಉಪವಾಸವಿಲ್ಲ, ನಮಾಜೂ ಇಲ್ಲ ಎಂಬುದು ಆ ಮನೆಯಲ್ಲಿ ಕೆಲಸ ಮಾಡುವ ಸೋಮಿಗೆ ಗೊತ್ತು. ನಮ್ಮ ಕಡೆ ಅಂಥವರು ಒಲೆಯ ಹತ್ತಿರ ಸುಳಿಯುವಂತಿಲ್ಲ. ಆ ಅಭ್ಯಾಸದಲ್ಲಿ ಅವಳ ಕೈ ಒಮ್ಮೆ ಹಿಂದೆ ಸರಿಯಿತಂತೆ. ಮರುಕ್ಷಣ ತನ್ನ ಮೇಲೆಯೇ ಸಿಟ್ಟು ಬಂತು. ಹುಡುಗಿ ಎರಡು ದಿನದಿಂದ ಎಲ್ಲರ ಜೊತೆ ನಸುಕಿಗೆ ಎದ್ದು ಉಂಡು, ಹಗಲಿಡೀ ನೀರೂ ಕುಡಿಯದೆ, ನಮಾಜಿನ ಹೊತ್ತಿಗೆ ಕೋಣೆಯ ಬಾಗಿಲು ಹಾಕಿ ಚಾಪೆ ಬಿಚ್ಚಿ ಸುಮ್ಮನೆ ಕೂತು ಬರುತ್ತಿದ್ದಳು. ಮುಟ್ಟಾಗಿದೆ ಎಂದು ಗೊತ್ತಾದರೆ ಈ ತಿಂಗಳೂ ಇಲ್ಲ ಎಂದು ಗೊತ್ತಾದ ಹಾಗೆ. ತಂಗಿಯರು ಬರುವ ದಿನವೇ ಅತ್ತೆಯ ಮುಖ ಸಣ್ಣದಾಗುವುದನ್ನು ನೋಡಲು ಅವಳಿಗೆ ಧೈರ್ಯವಿರಲಿಲ್ಲ.

"ಉಪ್ಪು ಕಡಲ ನೀರಿನ ಹಾಂಗೆ ಆಗ್ಯದೆ," ಎಂದಳು ಸುಮಯ್ಯಾ, ಕಣ್ಣೊರೆಸಿಕೊಂಡು. ಇಬ್ಬರೂ ಸೇರಿ ಕೋಸನ್ನು ತಣ್ಣೀರಲ್ಲಿ ಅದ್ದಿ ಹಿಂಡಿದರು. ಹೊಸದಾಗಿ ಲಿಂಬೆ, ಬೆಳ್ಳುಳ್ಳಿ, ಸೊಪ್ಪು ಹಾಕಿದರು. ಹುಡುಗಿ ಮತ್ತೊಂದು ಚಿಟಿಕೆ ತಿಂದಳು, ಮತ್ತೊಂದು ತಿಂದಳು. ಹಸಿದ ಹೊಟ್ಟೆಗೆ ನಿಲ್ಲಿಸಲಾಗಲಿಲ್ಲ. ಬಾಗಿಲ ಆಚೆ ಯಾರಾದರೂ ಇದ್ದಾರೆಯೇ ಎಂದು ಇಬ್ಬರೂ ನೋಡಲಿಲ್ಲ.

ಬಾಂಗ್ ಆಯಿತು. ಖರ್ಜೂರ ತಿಂದು, ನೀರು ಕುಡಿದು, ಎಲ್ಲರೂ ತಟ್ಟೆಗೆ ಕೈಹಾಕಿದರು. ಕೋಸು ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. "ಯಾರು ರುಚಿ ನೋಡಿದ್ದು?" ಎಂದು ಒಬ್ಬ ತಂಗಿ ಕೇಳಿದರೆ ಬೀಬಿ "ನಮ್ಮ ಸೋಮಿ ಅಲ್ದೆ ಮತ್ಯಾರು?" ಎಂದರು. ಹಾಗೆ ಹೇಳುತ್ತ ಸೊಸೆಯ ತಟ್ಟೆಗೆ ಒಂದು ಖರ್ಜೂರ ಜಾಸ್ತಿ ಇಟ್ಟರು. ಸೋಮಿಗೆ ಅದು ಯಾಕೋ ಸರಿ ಕಾಣಲಿಲ್ಲ.

ನಮಾಜು ಮುಗಿಸಿ ಬೀಬಿ ನೇರ ಅಡುಗೆಮನೆಗೆ ಬಂದರು. ಮುಖ ಅರಳಿತ್ತು. ಸೋಮಿಯ ರಟ್ಟೆ ಹಿಡಿದು ಮೆಲ್ಲಗೆ ಕೇಳಿದರು:

"ಸೋಮಿ, ಖರೆ ಹೇಳು. ಸುಮಯ್ಯಾ ಹಗಲಲ್ಲಿ ತಿಂಬುದನ್ನ ನಾನು ಕಂಡೆ. ನಮಾಜು ಬಿಟ್ಟಿಲ್ಲ, ಅಂದ್ರೆ ಮುಟ್ಟಲ್ಲ. ರೋಜಾ ಮಾತ್ರ ಬಿಟ್ಟಿದ್ದಾಳೆ. ಹೊಟ್ಟೆಯಲ್ಲಿ ಉಂಟು, ಅಲ್ವಾ? ಬಸುರಿಗೆ ರೋಜಾ ಬಿಡ್ಲಿಕ್ಕೆ ಅಡ್ಡಿಯಿಲ್ಲ. ನನ್ನ ಹತ್ರ ಹೇಳ್ಲಿಕ್ಕೆ ನಾಚಿಕೆ ಅವಳಿಗೆ. ನಿನ್ನ ಹತ್ರ ಹೇಳಿರ್ತಾಳೆ. ತಂಗಿಯರು ಹೋಗುದ್ರೊಳಗೆ ಹೇಳಿಬಿಡ್ತೇನೆ."

ಸೋಮಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗೊತ್ತಿಲ್ಲ ಎಂದರೆ ಈ ಹೆಂಗಸು ಚಾವಡಿಗೆ ಹೋಗಿ ಬಾಯಿಬಿಡುತ್ತಾರೆ. ನಾಳೆಯೊಳಗೆ ಭಟ್ಕಳದಿಂದ ದುಬೈವರೆಗೆ ಫೋನು ಹೋಗುತ್ತದೆ. ಇಲ್ಲದ ಮಗುವನ್ನು ಆ ಹುಡುಗಿ ಎಲ್ಲಿಂದ ತರುವುದು? ಮುಟ್ಟಾಗಿದ್ದಾಳೆ ಎಂದರೆ ಕೋಣೆಯಲ್ಲಿ ಸುಳ್ಳು ಚಾಪೆ ಹಾಸಿದ್ದೂ ಹೊರಗೆ ಬೀಳುತ್ತದೆ. ಉಳಿದದ್ದು ಒಂದೇ ದಾರಿ, ಅದು ಅವಳ ಸ್ವಂತ ತಲೆಯ ಮೇಲಿಂದಲೇ ಹೋಗುತ್ತಿತ್ತು.

"ಇಲ್ಲ ಬೀಬಿ. ಹಾಂಗೆಲ್ಲ ಎಂತದೂ ಇಲ್ಲ. ಸಣ್ಣ ಬೀಬಿ ತಿನ್ಲಿಲ್ಲ, ರುಚಿ ನೋಡಿ ಉಗುಳದ್ಲು. ನಾನೇ ಕಾಲು ಹಿಡ್ದೆ. ನನ್ನ ನಾಲ್ಗೆ ಸತ್ತು ಹೋಗ್ಯದೆ. ಉಪ್ಪು ತಿಳೂದಿಲ್ಲ, ಹುಳಿ ತಿಳೂದಿಲ್ಲ."

ಬೀಬಿ ಅವಳ ರಟ್ಟೆ ಬಿಟ್ಟರು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಅರಳಿದ ಮುಖ ಬಾಡುವುದನ್ನು ನೋಡುವುದಕ್ಕಿಂತ ಎರಡು ಪೆಟ್ಟು ತಿನ್ನುವುದು ಸಲೀಸು ಎಂದು ಸೋಮಿ ನನ್ನ ಹತ್ತಿರ ಹೇಳಿದಳು.

"ಯಾವಾಗಿಂದ?"

"ರಮಜಾನಿಗೆ ಮುಂಚಿಂದ."

"ದಿನಾ ನನ್ನ ಮುಖ ನೋಡಿ ಆತು ಅಂದ್ಯಲ್ಲ?"

"ಅಂದೆ ಬೀಬಿ."

ಬೀಬಿ ಬೈಯಲಿಲ್ಲ. ಎದ್ದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನಾಳೆಯಿಂದ ಹೆಚ್ಚಿಕೊಡು, ತೊಳೆದುಕೊಡು. ರುಚಿ ನಾನೇ ನೋಡಿಕೊಳ್ತೇನೆ" ಎಂದು ಚಾವಡಿಗೆ ಹೋದರು. ತಂಗಿಯರ ಹತ್ತಿರ ಏನನ್ನೂ ಹೇಳಲಿಲ್ಲ.

ಸೋಮಿ ಪಾತ್ರೆ ತೊಳೆದಿಟ್ಟು ಹಿತ್ತಲ ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು. ಮಾನ ಹೋಗಿತ್ತು, ಆದರೆ ಎಷ್ಟೋ ದಿನದ ಮೇಲೆ ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬಂತು. ಸುಮಯ್ಯಾ ಹಿಂದೆಯೇ ಬಂದಳು. ಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೋಮಿಯ ಕೈ ಹಿಡಿದಳು.

"ನೀನೂ ಒಂದ್ಸಲ ಅತ್ತೆ ಹತ್ರ ಕೂತು ಹೇಳಿಬಿಡು ಮಗಾ," ಎಂದಳು ಸೋಮಿ. "ಹೇಳುವರೆಗೆ ಕಷ್ಟ. ಹೇಳದ್ಮೇಲೆ ಎಂತದೂ ಇಲ್ಲ. ನನ್ನ ನೋಡು."

"ನಿಂದು ಒಂದ್ಸಲ ಹೇಳಿದ್ರೆ ಮುಗೀತು ಸೋಮಕ್ಕ," ಎಂದಳು ಹುಡುಗಿ. "ನಂದು ತಿಂಗ್ಳು ತಿಂಗ್ಳು ಬತ್ತದಲ್ಲ."

ಚಾವಡಿಯಿಂದ ಬೀಬಿಯ ತಂಗಿ ಕೂಗಿದರು, "ಸುಮಯ್ಯಾ, ಬಾ ಮಗಾ, ಇಲ್ಲಿ ನಮ್ಮ ನಡುವೆ ಕೂತ್ಕೋ." ಅವಳು ಕೈ ಬಿಡಿಸಿಕೊಂಡು, ಮುಖ ಒರೆಸಿಕೊಂಡು ಒಳಗೆ ಹೋದಳು.